ಖಾಲಿ ಚೌಕಟ್ಟಿನ ಬೆಲೆ: ತುಮಕೂರು ಸೀಮೆಯ ಚಿರತೆ, ಸಂಶೋಧನೆ ಮತ್ತು ಚಿತ್ರೀಕರಣ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಚಿರತೆ ದಟ್ಟಡವಿಯನ್ನೇ ನೆಚ್ಚಿ ಬದುಕುವ ಪ್ರಾಣಿಯಲ್ಲ. ಹಗಲು ಕಲ್ಲುಗುಡ್ಡದ ಬಂಡೆಸಂದಿ, ಇರುಳು ತೋಟದ ಬದು ಅದಕ್ಕೆ ಸಾಕು. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಇಲ್ಲಿ ಚಿರತೆ ದಾಳಿಗೆ ಮಕ್ಕಳೂ ಬಲಿಯಾದರು. ಆ ಮನೆಗಳ ದುಃಖವನ್ನು ಬದಿಗಿಟ್ಟು ಈ ಪ್ರಾಣಿಯನ್ನು ಅಧ್ಯಯನ ಮಾಡುವುದಾಗಲಿ, ಚಿತ್ರಿಸುವುದಾಗಲಿ ಸಲ್ಲದು.

ಅಧ್ಯಯನದ ಮಾತಿಗೆ ಬಂದರೆ, ಕಾಡಿನಲ್ಲಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾವನ್ನು ಪ್ರಾಣಿಗಳ ಎಣಿಕೆಯ ಸಾಧನವಾಗಿಸಿದ ಮಹತ್ವದ ಕೆಲಸ ನಡೆದದ್ದು ನಮ್ಮ ನಾಗರಹೊಳೆಯಲ್ಲಿ. ಹುಲಿಯ ಪಟ್ಟೆಗಳಿಂದ ಒಂದೊಂದನ್ನೂ ಗುರುತಿಸಿ, ಒಮ್ಮೆ ಚಿತ್ರಕ್ಕೆ ಸಿಕ್ಕದ್ದು ಮತ್ತೆ ಎಷ್ಟು ಸಲ ಸಿಗುತ್ತದೆಂಬ ಸೆರೆ-ಮರುಸೆರೆ ಲೆಕ್ಕದಿಂದ ಸಂಖ್ಯೆ ಅಂದಾಜಿಸುವ ವಿಧಾನವನ್ನು ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದರು. ತುಮಕೂರಿನವರೇ ಆದ ವನ್ಯಜೀವಿ ಸಂಶೋಧಕ ಸಂಜಯ್ ಗುಬ್ಬಿ ಚಿರತೆಗಳನ್ನು ಅವುಗಳ ಮೈಮಚ್ಚೆಗಳಿಂದ ಹೀಗೆಯೇ ಗುರುತಿಸುತ್ತಾರೆ. ಎಡ-ಬಲ ಮಗ್ಗುಲುಗಳ ಮಚ್ಚೆ ಬೇರೆಬೇರೆ. ಆದ್ದರಿಂದ ಕಾಲುದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು.

ಈ ಲೆಕ್ಕದಲ್ಲಿ ಏನೂ ಕಾಣದ ರಾತ್ರಿಗೂ ಬೆಲೆಯಿದೆ. ಪ್ರಾಣಿ ಇದ್ದೂ ಕಾಣಿಸದಿರುವ ಸಂಭವ ಎಷ್ಟೆಂದು ತಿಳಿಯದೆ ಸಂಖ್ಯೆ ಹೇಳಲಾಗದು. ಆದರೆ ಸಿನಿಮಾದ ಸಂಕಲನಕಾರ ಮೊದಲು ಕತ್ತರಿಸುವುದು ಈ ಖಾಲಿ ಚೌಕಟ್ಟನ್ನೇ. ಅಮೋಘವರ್ಷ, ಕಲ್ಯಾಣ್ ವರ್ಮ ನಿರ್ದೇಶಿಸಿದ ವನ್ಯಜೀವಿ ಸಾಕ್ಷ್ಯಚಿತ್ರ 'ವೈಲ್ಡ್ ಕರ್ನಾಟಕ' 2020ರಲ್ಲಿ ಚಿತ್ರಮಂದಿರಕ್ಕೆ ಬಂದಾಗ, ವರ್ಷಗಟ್ಟಲೆ ನಡೆದ ಚಿತ್ರೀಕರಣ ಒಂದು ಗಂಟೆಯೊಳಗೆ ಅಡಕವಾಗಿತ್ತು. ಕಲೆಗೆ ಅದು ಅನಿವಾರ್ಯ. ಆದರೆ ಉಳಿದ ತುಣುಕುಗಳಿಗೆ ದಿನ, ವೇಳೆ, ಜಾಗದ ದಾಖಲೆಯಿದ್ದರೆ ಅವು ಸಂಶೋಧಕನಿಗೆ ಆಕರವಾಗುತ್ತವೆ. ಬಂಡೀಪುರದ ಕೆನ್ನಾಯಿಗಳ ಹಿಂದೆ ವರ್ಷಾನುಗಟ್ಟಲೆ ಅಲೆದ ಚಿತ್ರನಿರ್ಮಾಪಕ ಜೋಡಿ ಕೃಪಾಕರ-ಸೇನಾನಿಯವರಲ್ಲಿ ನೋಡುವ ಕಣ್ಣೂ ಚಿತ್ರಿಸುವ ಕಣ್ಣೂ ಒಂದೇ ಆಗಿದ್ದವು. ಕೆನ್ನಾಯಿಗಳ ಗುಂಪಿನ ಒಳಬದುಕು ತೆರೆದುಕೊಂಡದ್ದು ಆ ತಾಳ್ಮೆಗೆ.

ಜಾಗದ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ವಿಜ್ಞಾನಕ್ಕೆ ನಿಖರ ಸ್ಥಳ ಬೇಕು. ತೆರೆಯ ಮೇಲೆ ಅದೇ ಸ್ಥಳ ಹೊರಬಿದ್ದರೆ ಮರಿಯಿರುವ ಗುಹೆಗೆ ಜನ ಮುಗಿಬೀಳುತ್ತಾರೆ. ಸಂಶೋಧಕನ ದಾಖಲೆಯಲ್ಲಿ ಗುಹೆ ಇರಲಿ, ಪ್ರೇಕ್ಷಕನಿಗೆ ಬೆಟ್ಟ ಕಂಡರೆ ಸಾಕು.

ತುಮಕೂರಿನ ಹತ್ತಿರದ ದೇವರಾಯನದುರ್ಗ ಬೆಟ್ಟದ ತಪ್ಪಲಿನಲ್ಲೊಂದು ಚಿತ್ರ ತೆಗೆಯುವುದಾದರೆ ಚಿರತೆಯ ಜಿಗಿತಕ್ಕಿಂತ ಮೊದಲು ನನಗೆ ಬೇಕಾದದ್ದು ಹಟ್ಟಿಯ ಬಾಗಿಲು, ಬೀದಿನಾಯಿ, ಮಕ್ಕಳು ಮನೆಗೆ ಮರಳುವ ಮುಸ್ಸಂಜೆಯ ಹಾದಿ. ಅದರ ಮೊದಲ ಪ್ರದರ್ಶನ ಆ ಹಾದಿಯ ಊರಿನಲ್ಲೇ ಆಗಬೇಕು, ಗುಡ್ಡದ ಕ್ಯಾಮೆರಾಗಳಲ್ಲಿ ಚಿರತೆ ಎಷ್ಟು ಹೊತ್ತಿಗೆ ದಾಟಿತೆಂಬ ವಿವರದೊಂದಿಗೆ.