ಒಂದೇ ಸಂಬಳ, ಎರಡು ಊರು: ಬೆಂಗಳೂರು–ಮೈಸೂರು ಜೀವನವೆಚ್ಚ, ಬಾಣಾವರದ ನೆಲೆಯಿಂದ

ಸಾಫ್ಟ್‌ವೇರ್ ಉದ್ಯೋಗದ ಸಂಬಳವನ್ನು ಊರಿಂದ ಊರಿಗೆ ಹೋಲಿಸುವಾಗ ಅಳತೆಗೋಲೇ ಮೊದಲ ತೊಡಕು. ಹಾಸನ ಜಿಲ್ಲೆಯ ಬಾಣಾವರದಿಂದ ಹೊರಟ ಎಂಜಿನಿಯರಿಗೆ ಅರಸೀಕೆರೆ ಜಂಕ್ಷನ್‌ನಲ್ಲಿ ರೈಲುದಾರಿ ಕವಲೊಡೆಯುತ್ತದೆ: ತಿಪಟೂರು, ತುಮಕೂರಿನ ಮೇಲೆ ಬೆಂಗಳೂರು, ಹಾಸನ, ಹೊಳೆನರಸೀಪುರದ ಮೇಲೆ ಮೈಸೂರು. ದೊಡ್ಡ ಕಂಪನಿಗಳು ಹೊಸಬರಿಗೆ ಸಾಮಾನ್ಯವಾಗಿ ದೇಶಕ್ಕೆಲ್ಲ ಒಂದೇ ದರ ಇಡುವುದರಿಂದ ಮೊದಲ ಸಂಬಳದಲ್ಲಿ ಎರಡೂ ಊರಿಗೆ ಹೆಚ್ಚು ವ್ಯತ್ಯಾಸವಿಲ್ಲ. ಅಂತರ ಬೆಳೆಯುವುದು ಕೆಲವು ವರ್ಷಗಳ ಮೇಲೆ, ಕಂಪನಿ ಬದಲಿಸುವಾಗ. ಹಾಗೆ ಬದಲಿಸಲು ಬೆಂಗಳೂರಿನಲ್ಲಿರುವಷ್ಟು ಬಾಗಿಲುಗಳು ಮೈಸೂರಿನಲ್ಲಿಲ್ಲ.

ಖರ್ಚಿನ ಹೋಲಿಕೆಗೆ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಬಳಸುವ ರೂಢಿ ಉಂಟು. ಇದು ತಪ್ಪು ಬಳಕೆ. ಈ ಸೂಚ್ಯಂಕದಲ್ಲಿ ಪ್ರತಿ ಕೇಂದ್ರದ 2016ರ ಬೆಲೆಮಟ್ಟವನ್ನೂ 100 ಎಂದು ಹಿಡಿಯಲಾಗಿದೆ. ಒಂದು ಊರಿನಲ್ಲಿ ಬೆಲೆ ಎಷ್ಟು ಏರಿತು ಎಂಬುದನ್ನು ಅದು ಹೇಳಬಲ್ಲದು. ಯಾವ ಊರು ದುಬಾರಿ ಎಂಬುದನ್ನು ಹೇಳಲಾರದು.

ಸರ್ಕಾರದ ಲೆಕ್ಕಗಳೂ ಪರಸ್ಪರ ಹೊಂದುತ್ತಿರಲಿಲ್ಲ. ಏಳನೆಯ ವೇತನ ಆಯೋಗದ ಮೇರೆಗೆ 2017ರಲ್ಲಿ ಕೇಂದ್ರ ನೌಕರರ ಮನೆಬಾಡಿಗೆ ಭತ್ಯೆ ಮೂಲವೇತನದ ಶೇ. 24, 16, 8 ಎಂದು ನಿಗದಿಯಾಯಿತು. ಬೆಂಗಳೂರು ಮೊದಲ ದರ್ಜೆ, ಮೈಸೂರು ಎರಡನೆಯದು, ಬಾಣಾವರದಂಥ ಊರುಗಳು ಮೂರನೆಯದು. ಆದರೆ 1962ರ ಆದಾಯ ತೆರಿಗೆ ನಿಯಮಗಳು ಬಾಡಿಗೆ ಭತ್ಯೆಯ ವಿನಾಯಿತಿಗೆ ಶೇ. 50ರ ಮಿತಿಯನ್ನು ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈಗಳಿಗೆ ಮಾತ್ರ ಕೊಟ್ಟಿದ್ದವು, ಉಳಿದೆಡೆ ಶೇ. 40. ಐಟಿ ರಾಜಧಾನಿ ಎನಿಸಿಕೊಂಡ ಬೆಂಗಳೂರು ತೆರಿಗೆಯ ಕಣ್ಣಿಗೆ ಬಾಣಾವರದ ಸಾಲಿನಲ್ಲೇ ಕೂತಿತ್ತು!

ಬಾಡಿಗೆಗಿಂತಲೂ ಕಣ್ಣಿಗೆ ಬೀಳದ ಹೊರೆ ಅಡ್ವಾನ್ಸಿನದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಹಳೆಯದು. ತಿಂಗಳಿಗೆ 30,000 ರೂಪಾಯಿ ದುಡಿಯುವವನು 12,000 ರೂಪಾಯಿ ಬಾಡಿಗೆಯ ಮನೆ ಹಿಡಿದರೆ ನಾಲ್ಕು ತಿಂಗಳ ಸಂಬಳ, ಅಂದರೆ 1,20,000 ರೂಪಾಯಿ, ಮಾಲೀಕನ ಬಳಿ ಉಳಿಯುತ್ತದೆ. ಶೇ. 7ರ ಬಡ್ಡಿ ಹಿಡಿದರೂ ತಿಂಗಳಿಗೆ 700 ರೂಪಾಯಿ ನಷ್ಟ. ಖಾಲಿ ಮಾಡುವಾಗ ಬಣ್ಣದ ಖರ್ಚೆಂದು ಮುರಿದುಕೊಳ್ಳುವುದು ಬೇರೆ. ಭೋಗ್ಯಕ್ಕೆ ಹಿಡಿದರೆ ಬಾಡಿಗೆ ತಪ್ಪುತ್ತದೆ, ಆದರೆ ಲಕ್ಷಗಟ್ಟಲೆ ಗಂಟು ಬೇಕು; ಅದು ಬಹುಮಟ್ಟಿಗೆ ಊರಿನಿಂದಲೇ ಬರಬೇಕು.

ಊರಿನ ಪಾತ್ರ ಅಷ್ಟಕ್ಕೇ ಮುಗಿಯುವುದಿಲ್ಲ. ಬಾಣಾವರದಿಂದ ಚೀಲದಲ್ಲಿ ಬರುವ ರಾಗಿ, ತೆಂಗಿನಕಾಯಿ ನಗರದ ಖರ್ಚನ್ನು ತಗ್ಗಿಸುತ್ತವೆ. ಹಣ ಎದುರು ದಿಕ್ಕಿನಲ್ಲೂ ಹರಿಯುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಯ ಮಾರುಕಟ್ಟೆ ದರ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಅಂಥ ವರ್ಷದಲ್ಲಿ ತೋಟದ ಸಾಲದ ಕಂತು ಮಗನ ಅಥವಾ ಮಗಳ ಸಂಬಳದಿಂದಲೇ ಹೋಗುತ್ತದೆ, ಅವರು ದುಡಿಯುವುದು ಯಾವ ಊರಿನಲ್ಲಾದರೂ.