ತೊಲೆ, ಕಂಬ, ಇಳಿಜಾರು: ಪದಾರ್ಥಬಲ ಶಾಸ್ತ್ರವು ಬೆಳೆದು ಬಂದ ಬಗೆ

ಕೊಡಗಿನ ಐನ್‌ಮನೆಗಳೆಂಬ ಕುಲದ ಹಿರಿಮನೆಗಳನ್ನು ಕಟ್ಟಿದ ಬಡಗಿಗಳು ಗಣಿತದ ಸೂತ್ರಗಳನ್ನು ಕಲಿತವರಲ್ಲ. ಆದರೂ ತೊಲೆಯನ್ನು ಮಲಗಿಸಿ ಇಡುವುದಕ್ಕಿಂತ ಅಂಚಿನ ಮೇಲೆ ನಿಲ್ಲಿಸಿ ಇಟ್ಟರೆ ಅದು ಹೆಚ್ಚು ಭಾರವನ್ನು ಹೊರುವುದೆಂಬುದನ್ನೂ, ಗಿಡ್ಡ ಕಂಬವು ತಡೆಯುವ ಹೊರೆಯನ್ನು ಅದೇ ದಪ್ಪದ ನೀಳ ಕಂಬವು ತಡೆಯಲಾರದೆಂಬುದನ್ನೂ, ಹಸಿಮರದಿಂದ ಮಾಡಿದ ಕೆಲಸವು ಒಣಗಿದ ಮೇಲೆ ಬಿರಿಯುವುದೆಂಬುದನ್ನೂ ಅವರು ಕೈಯ ಅನುಭವದಿಂದ ಬಲ್ಲವರಾಗಿದ್ದರು. ನೆಲ್ಲಕ್ಕಿ ನಡುಬಾಡೆಯೆಂಬ ನಡುಮನೆಯ ಮೇಲಣ ಮಾಡನ್ನು ತಲೆಮಾರುಗಳಿಂದ ಹೊತ್ತು ನಿಂತಿರುವ ಮರ, ಮುಂಜಗಲಿಯ ಕಂಬಗಳ ನಡುವೆ ಹಿರಿಯರು ಕುಳಿತುಕೊಳ್ಳುವ ಐಮರದ ದಪ್ಪ ಹಲಗೆ, ಕಕ್ಕಬ್ಬೆಯ ಸಮೀಪದಲ್ಲಿ ದೊಡ್ಡವೀರರಾಜೇಂದ್ರನು 1790ರ ದಶಕದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಕಂಬಗಳು, ಇವೆಲ್ಲವೂ ಆ ತಿಳಿವಳಿಕೆಗೆ ಸಾಕ್ಷಿಯಾಗಿವೆ. ಇಂದು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಎರಡನೆಯ ವರ್ಷದಲ್ಲಿ ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ ಎಂಬ ಹೆಸರಿನಿಂದ ಓದುವ ಶಾಸ್ತ್ರವು ಹುಟ್ಟಿದುದೂ ಮರದ ತೊಲೆಯ ವಿಚಾರದಿಂದಲೇ ಎಂಬುದು ನೆನಪಿನಲ್ಲಿಡತಕ್ಕ ಸಂಗತಿ.

ಧರ್ಮಾಧಿಕಾರಿಗಳ ಆಜ್ಞೆಯಿಂದ ಗೃಹಬಂಧನದಲ್ಲಿದ್ದ ವೃದ್ಧ ಗೆಲಿಲಿಯೋ ಬರೆದು 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾದ ‘ಎರಡು ಹೊಸ ವಿಜ್ಞಾನಗಳು’ ಎಂಬ ಗ್ರಂಥದ ಆ ಎರಡರಲ್ಲಿ ಒಂದು ಇದೇ ಶಾಸ್ತ್ರ. ಗೋಡೆಯಿಂದ ಹೊರಚಾಚಿದ ತೊಲೆಯೊಂದರ ತುದಿಗೆ ಭಾರವನ್ನು ತೂಗುಹಾಕಿದರೆ ಅದು ಎಷ್ಟಕ್ಕೆ ಮುರಿಯುವುದೆಂದು ಆತನು ಕೇಳಿದನು; ತೊಲೆಯ ಬಲವು ಅದರ ಅಗಲಕ್ಕೂ ಎತ್ತರದ ವರ್ಗಕ್ಕೂ ಅನುಪಾತದಲ್ಲಿರುವುದೆಂದು ಸರಿಯಾಗಿಯೇ ಉತ್ತರಿಸಿದನು. ನಾಲ್ಕು ಅಂಗುಲ ಅಗಲ, ಎಂಟು ಅಂಗುಲ ಎತ್ತರದ ತೊಲೆಯನ್ನು ನಿಲ್ಲಿಸಿ ಇಟ್ಟರೆ ಮಲಗಿಸಿದಾಗಿನ ಎರಡರಷ್ಟು ಹೊರೆಯನ್ನು ತಾಳುವುದೆಂಬ ಬಡಗಿಯ ಅನುಭವಕ್ಕೆ ಹೀಗೆ ಗಣಿತದ ಆಧಾರ ದೊರೆಯಿತು. ಆದರೆ ತೊಲೆಯ ಛೇದದಲ್ಲಿರುವ ಎಳೆಗಳೆಲ್ಲವೂ ಒಂದೇ ಸಮನಾಗಿ ಎಳೆಯಲ್ಪಡುವುವೆಂದು ಆತನು ಭಾವಿಸಿದ್ದರಿಂದ, ಆತನ ಲೆಕ್ಕದ ಬಲವು ಇಂದಿನ ಸಿದ್ಧಾಂತವು ಕೊಡುವ ಬಲದ ಮೂರರಷ್ಟಾಯಿತು. ಬಾಗಿದ ತೊಲೆಯ ಒಂದು ಮೈ ಹಿಗ್ಗಿದರೆ ಇನ್ನೊಂದು ಮೈ ಕುಗ್ಗುವುದು. ನಡುವೆ ಹಿಗ್ಗದೆ ಕುಗ್ಗದೆ ಇರುವ ಒಂದು ಪದರವಿರುವುದು. ಅದರಿಂದ ದೂರವಾದ ಎಳೆಗಳೇ ಹೆಚ್ಚು ದುಡಿಯುವುವು. ಇಷ್ಟನ್ನು ನಿಃಸಂದೇಹವಾಗಿ ಸ್ಥಾಪಿಸುವುದಕ್ಕೆ ಯುರೋಪಿಗೆ ಎರಡು ಶತಮಾನಗಳಿಗೆ ಕೆಲವೇ ವರ್ಷಗಳು ಕಡಿಮೆ ಹಿಡಿದುವು.

ಆ ಅವಧಿಯಲ್ಲಿ ಬಂದವರ ಸಾಲು ದೊಡ್ಡದು. ಎಳೆದಾಗ ಆಗುವ ಹಿಗ್ಗು ಎಳೆಯುವ ಬಲಕ್ಕೆ ಅನುಪಾತದಲ್ಲಿರುವುದೆಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಪಡಿಸಿದನು. ನೀಳವಾದ ಕಂಬವು ಜಜ್ಜಿಹೋಗುವ ಮೊದಲೇ ಪಕ್ಕಕ್ಕೆ ಬಾಗಿ ಬೀಳುವುದೆಂಬುದನ್ನೂ, ಕಂಬದ ಉದ್ದವನ್ನು ಇಮ್ಮಡಿಸಿದರೆ ಅದು ತಾಳುವ ಹೊರೆ ಕಾಲುಭಾಗಕ್ಕಿಳಿಯುವುದೆಂಬುದನ್ನೂ ಆಯ್ಲರನು 1744ರಲ್ಲಿ ಗಣಿತದಿಂದ ತೋರಿಸಿದನು. ಕಬ್ಬಿಣದ ನೀಳ ಕಂಬಗಳು ಬಳಕೆಗೆ ಬರುವವರೆಗೆ ಆ ಸೂತ್ರವನ್ನು ಕಟ್ಟುವವರು ಕಣ್ಣೆತ್ತಿ ನೋಡಲಿಲ್ಲ. ಪದಾರ್ಥದ ಬಿಗುವನ್ನು ಅಳೆಯುವ ಮಾನಕ್ಕೆ ಥಾಮಸ್ ಯಂಗನ ಹೆಸರು ನಿಂತಿತು. ಉಕ್ಕಿನ ಮಾನವು ಸುಮಾರು 200 ಗಿಗಾಪಾಸ್ಕಲ್, ತೇಗದ್ದು ಸುಮಾರು 10. ವಿದ್ಯಾರ್ಥಿಗಳು ಸ್ಟ್ರೆಸ್ ಎಂದು ಕರೆಯುವ ಪ್ರತಿಬಲವನ್ನು, ವಸ್ತುವಿನೊಳಗಿನ ಒಂದೊಂದು ಬಿಂದುವಿನಲ್ಲಿ ಒಂದೊಂದು ದಿಕ್ಕಿನ ತಲಕ್ಕೆ ಒಂದೊಂದಾಗಿ ಇರುವ ಪರಿಮಾಣವೆಂದು ಕೋಶಿ 1822ರಲ್ಲಿ ನಿರೂಪಿಸಿದನು. ನನ್ನ ದೃಷ್ಟಿಯಲ್ಲಿ ಈ ಶಾಸ್ತ್ರದ ನಿಜವಾದ ಬಾಗಿಲು ತೆರೆದುದು ಅಲ್ಲಿಯೇ. ಹೊರಗಿನ ಹೊರೆಯ ವಿಚಾರವು ಒಳಗಿನ ಸ್ಥಿತಿಯ ವಿಚಾರವಾದುದು ಆ ವರ್ಷದಲ್ಲಿ.

ಇವರೆಲ್ಲರ ಕೆಲಸವನ್ನು ಒಟ್ಟುಗೂಡಿಸಿ, ಮುರಿಯುವ ಹೊರೆಯ ಬದಲು ಸುರಕ್ಷಿತವಾಗಿ ದುಡಿಯುವ ಹೊರೆಯನ್ನು ಲೆಕ್ಕಹಾಕುವ ಪದ್ಧತಿಯನ್ನು ಇಂಜಿನಿಯರುಗಳ ಕೈಗೆ ಕೊಟ್ಟವನು ಫ್ರಾನ್ಸಿನ ನಾವಿಯೇ. ಆತನ ಪಾಠಗಳ ಪುಸ್ತಕವು 1826ರಲ್ಲಿ ಹೊರಬಂದಿತು. ಅದೇ ವರ್ಷದಲ್ಲಿ ಪ್ಯಾರಿಸಿನ ಸೇನ್ ನದಿಯ ಮೇಲೆ ಆತನು ಕಟ್ಟಿಸುತ್ತಿದ್ದ ತೂಗುಸೇತುವೆಯ ಸರಪಳಿಗಳನ್ನು ಹಿಡಿದಿಟ್ಟಿದ್ದ ಆಧಾರವು ಸರಿಯಿತು. ನೀರಿನ ಕೊಳವೆಯೊಂದು ಒಡೆದು ಸುತ್ತಲಿನ ಮಣ್ಣು ನೆನೆಯಿತು. ಸೇತುವೆಯು ಬಳಕೆಗೆ ಬರುವ ಮುನ್ನವೇ ಅದನ್ನು ಕಳಚಬೇಕಾಯಿತು. ಸರಪಳಿ ಹರಿಯಲಿಲ್ಲ, ಕಬ್ಬಿಣ ಬಾಗಲಿಲ್ಲ. ನೆನೆದ ನೆಲವು ಒಪ್ಪಲಿಲ್ಲ. ಕೊಡಗಿನಂಥ ಮಳೆನಾಡಿನ ವಿದ್ಯಾರ್ಥಿಯು ಬೇರೆಲ್ಲ ಕಥೆಗಳಿಗಿಂತ ಮೊದಲು ಕೇಳಬೇಕಾದ ಕಥೆ ಇದೆಂದು ನಾನು ತಿಳಿದಿದ್ದೇನೆ.

ತೂಗುಸೇತುವೆಯೆಂದೊಡನೆ ನಮ್ಮವರಿಗೆ ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮವು ನೆನಪಾಗುವುದು ಸಹಜ. ಕೊಡಗಿನ ಬೆಟ್ಟಗಳಿಂದಿಳಿದು ಸುಳ್ಯದ ಕಡೆಗೆ ಹರಿಯುವ ಪಯಸ್ವಿನಿಗೆ ಅರಂಬೂರಿನಲ್ಲಿ 1989ರಲ್ಲಿ ತೂಗುಸೇತುವೆಯನ್ನು ಕಟ್ಟಿ, ಮುಂದೆ ನೂರಕ್ಕೂ ಮಿಕ್ಕಿ ಅಂಥ ಕಾಲುಸೇತುವೆಗಳನ್ನು ನಿರ್ಮಿಸಿದ ಗಿರೀಶ್ ಭಾರದ್ವಾಜರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. ಇಂಥ ಸೇತುವೆಯ ಉಕ್ಕಿನ ಹಗ್ಗವು ಬಾಗುವುದನ್ನರಿಯದು, ಕೇವಲ ಎಳೆತವನ್ನು ಬಲ್ಲದು. ಹಗ್ಗದ ಜೋಲು ಸೇತುವೆಯ ಉದ್ದದ ಹತ್ತನೆಯ ಒಂದು ಭಾಗವಾಗಿದ್ದರೆ ಅದರ ಅಡ್ಡ ಎಳೆತವು ಒಟ್ಟು ಹೊರೆಯ ಒಂದೂಕಾಲರಷ್ಟಾಗುವುದು. ನೋಟಕ್ಕೆ ಚೆಂದವಾಗಲೆಂದು ಜೋಲನ್ನು ಇಪ್ಪತ್ತನೆಯ ಒಂದು ಭಾಗಕ್ಕೆ ಬಿಗಿದರೆ ಎಳೆತವು ಎರಡೂವರೆಯಷ್ಟಾಗುವುದು. ಆ ಎಳೆತವೆಲ್ಲವೂ ಕಡೆಗೆ ಹೋಗಿ ಸೇರುವುದು ದಡದ ಮಣ್ಣಿನಲ್ಲಿ ಹೂತಿಟ್ಟ ಆಧಾರಕ್ಕೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧವು ಬಹುಮಟ್ಟಿಗೆ ಕಬ್ಬಿಣದ ಮತ್ತು ರೈಲಿನ ಕಾಲ. ರೈಲ್ವೆ ಗಾಲಿಗಳ ಅಚ್ಚುಗಳು ತಾಳಬಲ್ಲ ಹೊರೆಯ ಒಳಗೇ ಇದ್ದರೂ ಲಕ್ಷಾಂತರ ಸಲ ತಿರುಗಿದ ಮೇಲೆ ಏಕೆ ಮುರಿಯುವುವೆಂಬುದನ್ನು ಜರ್ಮನಿಯ ವೋಲರನು ದೀರ್ಘಕಾಲದ ಪ್ರಯೋಗಗಳಿಂದ ತೋರಿಸಿದನು. ಪದಾರ್ಥಕ್ಕೂ ದಣಿವುಂಟೆಂದು ಇಂಜಿನಿಯರುಗಳು ಒಪ್ಪಿದರು. ಕೊಡಗಿನಲ್ಲಿ ರೈಲುಮಾರ್ಗವಿಲ್ಲದಿದ್ದರೂ, ತೋಟದ ದಾರಿಗಳಲ್ಲಿ ಓಡುವ ಜೀಪುಗಳ ಸ್ಪ್ರಿಂಗ್ ಪ್ಲೇಟುಗಳನ್ನು ಬದಲಾಯಿಸುವ ಮೆಕ್ಯಾನಿಕ್ಕಿಗೆ ಈ ದಣಿವು ಅಪರಿಚಿತವಲ್ಲ. ಪ್ರತಿಬಲವನ್ನು ಚಿತ್ರದಿಂದ ಬಿಡಿಸಲು ಮೋರನು 1882ರಲ್ಲಿ ಕೊಟ್ಟ ವೃತ್ತವನ್ನೂ, ಗ್ರಿಫಿತ್ತನು 1920ರ ಹೊತ್ತಿಗೆ ಕಂಡುಕೊಂಡ ಬಿರುಕಿನ ತತ್ತ್ವವನ್ನೂ ಇಲ್ಲಿ ಹೆಸರಿಸಿ ಮುಂದೆ ಸಾಗುತ್ತೇನೆ.

ಅಣೆಕಟ್ಟುಗಳ ವಿಚಾರದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಕಲ್ಲುಗಾರೆಯು ಒತ್ತಡವನ್ನು ಧಾರಾಳವಾಗಿ ತಾಳುವುದು, ಎಳೆತವನ್ನು ತಾಳಲಾರದು. ಆದುದರಿಂದ ನೀರಿನ ನೂಕೂ ಕಟ್ಟಡದ ತೂಕವೂ ಕೂಡಿದ ಬಲವು ಆಯಾ ಮಟ್ಟದ ಅಗಲದ ನಡುವಣ ಮೂರನೆಯ ಒಂದು ಭಾಗದೊಳಗೆ ಬೀಳಬೇಕೆಂಬ ನಿಯಮವು ಏರ್ಪಟ್ಟಿತು. 1895ರಲ್ಲಿ ಫ್ರಾನ್ಸಿನ ಬೂಜೇ ಅಣೆಕಟ್ಟು ಒಡೆದು ಜನ ಸತ್ತ ಮೇಲೆ, ಬಿರುಕಿನೊಳಗೆ ನುಗ್ಗಿದ ನೀರು ಕಟ್ಟಡವನ್ನು ಕೆಳಗಿನಿಂದ ಎತ್ತುವುದೆಂಬ ಅಂಶವೂ ಲೆಕ್ಕದಲ್ಲಿ ಸೇರಿತು. ಕೊಡಗಿನ ಮಳೆಯನ್ನು ತುಂಬಿಕೊಂಡು ಬರುವ ಕಾವೇರಿಗೆ ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಕಟ್ಟೆಯು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಿಂದಲೇ ಎದ್ದಿತು; 1982ರಲ್ಲಿ ಮುಗಿದ ಹಾರಂಗಿಯ ಅಣೆಕಟ್ಟು ಕೊಡಗಿನ ನೆಲದಲ್ಲಿಯೇ ನಿಂತಿತು. ಮೈಸೂರು ಸೀಮೆಯಲ್ಲಿ ಈ ಶಾಸ್ತ್ರದ ಪಾಠಕ್ಕೆ 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೂ, 1946ರಲ್ಲಿ ಮೈಸೂರಿನ ಕಾಲೇಜೂ, ಕರಾವಳಿಯಲ್ಲಿ 1960ರಲ್ಲಿ ಸುರತ್ಕಲ್ಲಿನ ಕಾಲೇಜೂ ಏರ್ಪಟ್ಟುವು. ಕೊಡಗಿನ ಮಕ್ಕಳು ತಮ್ಮ ಜಿಲ್ಲೆಯಲ್ಲಿಯೇ, ಪೊನ್ನಂಪೇಟೆ ಮತ್ತು ಕುಶಾಲನಗರಗಳಲ್ಲಿ, ಇದನ್ನು ಓದುವಂತಾದುದು ಈ ಶತಮಾನದಲ್ಲಿ.

ಪಠ್ಯಪುಸ್ತಕವು ಸಾಮಾನ್ಯವಾಗಿ ಉಕ್ಕಿನ ಸಲಾಕೆಯಿಂದ ಆರಂಭವಾಗುವುದು. ಎಲ್ಲ ದಿಕ್ಕಿನಲ್ಲಿಯೂ ಒಂದೇ ಗುಣವುಳ್ಳ, ಮಳೆಗೂ ಬಿಸಿಲಿಗೂ ಬಲ ಬದಲಾಗದ ಪದಾರ್ಥವದು. ಕಲಿಕೆಗೆ ಅನುಕೂಲವೂ ಹೌದು. ಆದರೆ ಕೊಡಗಿನ ಪದಾರ್ಥಗಳಾದ ಮರ, ಬಿದಿರು, ಮಣ್ಣುಗಳಲ್ಲಿ ಒಂದಕ್ಕೂ ಈ ಗುಣವಿಲ್ಲ. ಮರವು ಎಳೆಯ ನೇರಕ್ಕೆ ತೋರುವ ಬಲದ ಅಲ್ಪಾಂಶವನ್ನು ಮಾತ್ರ ಅಡ್ಡಕ್ಕೆ ತೋರುವುದು. ತೇವಾಂಶವು ಶೇಕಡಾ 30ರ ಹತ್ತಿರಕ್ಕೆ ಏರುವವರೆಗೆ ಅದರ ಬಲವು ಇಳಿಯುತ್ತಲೇ ಹೋಗುವುದು. ಬೀಟೆ, ಹೊನ್ನೆ, ನಂದಿಗಳ ಕಾಲ ಕಳೆದು ಕಾಫಿ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕಿನಿಂದ ಮನೆಯ ಕೆಲಸ ನಡೆಯುವ ಈ ದಿನಗಳಲ್ಲಿ, ಹಿರಿಯರ ತೊಲೆಯ ಅಳತೆಯನ್ನು ಹೊಸ ಮರಕ್ಕೆ ಹಾಗೆಯೇ ಅನ್ವಯಿಸುವುದು ಅಪಾಯಕರ.

ಮಣ್ಣಿನ ವಿಚಾರವಂತೂ ಇನ್ನೂ ಗಂಭೀರ. ನಾವಿಯೇಗಿಂತ ಮೊದಲೇ ತೊಲೆಯ ಬಾಗುವಿಕೆಯನ್ನು ಸರಿಯಾಗಿ ಬಿಡಿಸಿದ್ದ ಫ್ರಾನ್ಸಿನ ಕೂಲಂಬನು 1773ರ ಅದೇ ಪ್ರಬಂಧದಲ್ಲಿ ಮಣ್ಣಿನ ಬಲವನ್ನೂ ವಿಚಾರಿಸಿ, ಜಾರುವಿಕೆಯನ್ನು ತಡೆಯುವ ಷಿಯರ್ ಬಲವು ಕಣಗಳ ಅಂಟಿನಿಂದಲೂ, ಮೇಲಿನ ತೂಕವು ಉಂಟುಮಾಡುವ ಘರ್ಷಣೆಯಿಂದಲೂ ಕೂಡಿದುದೆಂದು ನಿರ್ಣಯಿಸಿದ್ದನು. ಮಣ್ಣಿನ ಸಂದುಗಳಲ್ಲಿ ತುಂಬಿದ ನೀರು ತನ್ನ ಒತ್ತಡದಿಂದ ಆ ತೂಕದ ಒಂದು ಪಾಲನ್ನು ತಾನೇ ಹೊತ್ತುಕೊಳ್ಳುವುದರಿಂದ ಘರ್ಷಣೆಯು ಅಷ್ಟರಮಟ್ಟಿಗೆ ಕುಗ್ಗುವುದೆಂಬುದನ್ನು ಟೆರ್ಜಾಗಿಯು 1920ರ ದಶಕದಲ್ಲಿ ಸೇರಿಸಿದನು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು, ಜೋಡುಪಾಲಗಳ ಕಡೆ ಬೆಟ್ಟಗಳು ಜಾರಿದಾಗಲೂ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟವು ಅರ್ಚಕರ ಮನೆಗಳ ಮೇಲೆ ಕುಸಿದಾಗಲೂ ನಾಡು ಕಂಡುದು ಈ ಶಾಸ್ತ್ರದ ವಿಷಯವನ್ನೇ. ರಸ್ತೆಗೆಂದೂ ಮನೆಗೆಂದೂ ಇಳಿಜಾರಿನ ಬುಡವನ್ನು ಕಡಿದಾಗ ತಡೆಯುವ ಬಲವು ಕಡಿಮೆಯಾಗುವುದು, ಮಳೆಯ ನೀರು ಇಂಗಿದಾಗ ಇನ್ನೂ ಕಡಿಮೆಯಾಗುವುದು, ಜಾರಿಸುವ ತೂಕವು ಮಾತ್ರ ಹೆಚ್ಚುತ್ತ ಹೋಗುವುದು. ಬೇಸಗೆಯಲ್ಲಿ ಅಲುಗದೆ ನಿಂತ ಕಡಿತವು ಆಗಸ್ಟಿನಲ್ಲಿಯೂ ನಿಲ್ಲುವುದೆಂದು ನಂಬುವುದಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲ.

ಆದುದರಿಂದ ಕೊಡಗಿನಲ್ಲಿ ಈ ವಿದ್ಯೆಯನ್ನು ಕಲಿಸುವವರು ಉಕ್ಕಿನ ಸಲಾಕೆಯ ಪ್ರಯೋಗದೊಡನೆ ನೆನೆದ ಮಣ್ಣಿನ ಮತ್ತು ಹಸಿಮರದ ಪ್ರಯೋಗಗಳನ್ನೂ ಸಮಾನ ಗೌರವದಿಂದ ಮಾಡಿಸಬೇಕು. ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಕಾಲೇಜೂ ಇದೆ, ಅರಣ್ಯ ಮಹಾವಿದ್ಯಾಲಯವೂ ಇದೆ. ಒಂದರಲ್ಲಿ ಬಲವನ್ನು ಅಳೆಯುವ ವಿದ್ಯೆ, ಇನ್ನೊಂದರಲ್ಲಿ ಮರವನ್ನು ಬಲ್ಲ ವಿದ್ಯೆ. ಎರಡರ ವಿದ್ಯಾರ್ಥಿಗಳೂ ಕೂಡಿ, ಈ ಜಿಲ್ಲೆಯ ಮರಗಳ ಮತ್ತು ಇಳಿಜಾರಿನ ಮಣ್ಣುಗಳ ಬಲವನ್ನು ಮುಂಗಾರಿನ ತೇವದ ಸ್ಥಿತಿಯಲ್ಲಿ ಪರೀಕ್ಷಿಸಿ, ಆ ಅಂಕೆಗಳನ್ನು ಬಡಗಿಯೂ ಗಾರೆಯವನೂ ತೋಟದ ಯಜಮಾನನೂ ಓದಿ ತಿಳಿಯುವಂತೆ ಕನ್ನಡದಲ್ಲಿ ಅಚ್ಚುಹಾಕಿಸಿ, ಪಂಚಾಯಿತಿಗಳ ಕೈಯಲ್ಲಿಡಲೆಂದು ನಾನು ಅವರನ್ನು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.