ಕುಟ್ಟಣಿ ಕಲಿಸಿದ ಆಟ

ಪುಣೆಯಲ್ಲಿ ಹಾಕಿ ಅಂದರೆ ಖಡಕಿ. ಬ್ರಿಟಿಷರ ಕಾಲದಿಂದ ಅದು ದಂಡಿನ ಊರು. ಸ್ಯಾಪರ್ಸ್ ಪಡೆ, ಮದ್ದುಗುಂಡಿನ ಕಾರ್ಖಾನೆ, ಕಾರ್ಖಾನೆಯ ನೌಕರರ ವಸತಿ, ನಡುವೆ ಮಣ್ಣಿನ ಮೈದಾನಗಳು. ಧನರಾಜ್ ಪಿಳ್ಳೈ 1968ರಲ್ಲಿ ಹುಟ್ಟಿದ್ದು ಅಲ್ಲೇ, ಒಂದು ಬಡ ತಮಿಳು ಮನೆಯಲ್ಲಿ. ಹೊಸ ಸ್ಟಿಕ್ಕಿಗೆ ದುಡ್ಡಿಲ್ಲದೆ ಮುರಿದದ್ದಕ್ಕೆ ಹಗ್ಗ ಸುತ್ತಿ ಆಡಿದ ಹುಡುಗ ಮುಂದೆ 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ನಾಯಕನಾಗಿ, 32 ವರ್ಷಗಳ ನಂತರ ಭಾರತಕ್ಕೆ ಚಿನ್ನ ತಂದ. ಇಲ್ಲಿನ ಹಳಬರು ಇದನ್ನು ತಮ್ಮ ಮನೆಯ ಮದುವೆಯ ಸುದ್ದಿಯ ಹಾಗೆ ಹೇಳುತ್ತಾರೆ.

ನಾನು ಕೊಡಗಿನವನು ಅಂತ ತಿಳಿದ ಕೂಡಲೇ ಅವರಲ್ಲಿ ಯಾರಾದರೂ ಕೇಳುವುದುಂಟು: "ಕಾಯ್ ಸಾಹೇಬ್, ನಿಮ್ಮ ಕಡೆಯೂ ಹಾಕಿ ಜೋರಲ್ಲವಾ?" ಜೋರೇ. ಎರಡು ಕಡೆಯೂ ಆಟ ಬೆಳೆದದ್ದು ಸೈನ್ಯದ ನೆರಳಲ್ಲಿ. ರಜೆಯಲ್ಲಿ ಊರಿಗೆ ಬಂದ ಸಿಪಾಯಿ ಟ್ರಂಕಿನ ಜೊತೆ ಸ್ಟಿಕ್ಕನ್ನೂ ತಂದ. ಗದ್ದೆ ಕೊಯ್ಲಾದ ಮೇಲೆ ಹುಡುಗರಿಗೆ ಅದೇ ಮೈದಾನ. ಹೀಗೆ ಬಂದ ಆಟದಿಂದಲೇ ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಕಂಚು ಗೆದ್ದ ತಂಡದಲ್ಲಿದ್ದರು, ಬಿ.ಪಿ. ಗೋವಿಂದ 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು, ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಚಿನ್ನದಲ್ಲಿ ಪಾಲುದಾರರಾದರು.

ಇವರೆಲ್ಲರ ಹೆಸರು ದಾಖಲೆಯಲ್ಲಿದೆ. ಇವರಂಥವರಿಗೆ ಮೊದಲು ಸ್ಟಿಕ್ಕು ಹಿಡಿಯಲು ಕಲಿಸಿದವರ ಹೆಸರು ಹೆಚ್ಚಾಗಿ ಎಲ್ಲೂ ಇರುವುದಿಲ್ಲ. ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರೂ ಅಂಥವರೇ. ಇಡೀ ಶಾಲೆಗೆ ಇದ್ದದ್ದು ಒಂದು ಡಜನ್ ಸ್ಟಿಕ್ಕು. ಬಗ್ಗಿ ಆಡು, ಚೆಂಡು ಬಿಟ್ಟುಕೊಡು, ಅಂಪೈರ್ ಹತ್ತಿರ ವಾದ ಬೇಡ: ಅವರ ಪಾಠ ಇಷ್ಟೇ. ನಮ್ಮಲ್ಲಿ ಯಾರೂ ದೊಡ್ಡ ಆಟಗಾರರಾಗಲಿಲ್ಲ. ಬ್ಯಾಂಕು, ತೋಟ, ಮಿಲಿಟರಿ ಅಂತ ಚದುರಿಹೋದೆವು.

ಹೀಗೆ ಚದುರಿದವರನ್ನು ಒಟ್ಟು ಮಾಡುವ ಯೋಚನೆ ಬಂದದ್ದು ಪಾಂಡಂಡ ಕುಟ್ಟಪ್ಪನವರಿಗೆ. ಊರಿನವರ ಬಾಯಲ್ಲಿ ಕುಟ್ಟಣಿ. ಸ್ಟೇಟ್ ಬ್ಯಾಂಕಿನಲ್ಲಿ ದುಡಿದವರು, ಹಾಕಿ ಅಂಪೈರ್. ಅವರು ಕಂಡದ್ದು ಪಂದ್ಯವನ್ನಷ್ಟೇ ಅಲ್ಲ. ಕೊಡವರಲ್ಲಿ ಪ್ರತಿಯೊಬ್ಬರೂ ಒಂದು ಒಕ್ಕಕ್ಕೆ, ಅಂದರೆ ಒಂದೇ ಮೂಲದ ಮನೆತನಕ್ಕೆ ಸೇರಿದವರು. ಒಕ್ಕಕ್ಕೊಂದು ಐನ್‌ಮನೆ. ಆದರೆ ಮಕ್ಕಳು ಬೆಂಗಳೂರು, ಮುಂಬಯಿ, ಪುಣೆ, ದುಬೈ ಸೇರಿದ ಮೇಲೆ ಐನ್‌ಮನೆಗೆ ಬೀಗ. ದಾಯಾದಿಗಳ ಮುಖಪರಿಚಯ ಮದುವೆ, ಸಾವುಗಳಲ್ಲಿ ಮಾತ್ರ. ಒಕ್ಕಕ್ಕೊಂದು ತಂಡ ಕಟ್ಟಿ ಆಡಿಸಿದರೆ ಹೇಗೆ?

1997ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಪಾಂಡಂಡ ಕಪ್ ನಡೆಯಿತು. ಬಂದದ್ದು 60 ಕುಟುಂಬಗಳ ತಂಡ. ಅಲ್ಲಿಂದ ವರ್ಷಕ್ಕೊಂದು ಮನೆತನ ಆತಿಥ್ಯ ವಹಿಸುವ ಪದ್ಧತಿ ಬಂತು. ಕಪ್ಪಿಗೆ ಆ ಮನೆತನದ್ದೇ ಹೆಸರು. ತಂಡ ಸೇರಲು ಒಂದೇ ಅರ್ಹತೆ, ಆ ಕುಟುಂಬಕ್ಕೆ ಸೇರಿರಬೇಕು. ಗಂಡಸರು, ಹೆಂಗಸರು ಒಂದೇ ತಂಡದಲ್ಲಿ ಆಡಬಹುದು. ಹಾಗಾಗಿ ಅಂತಾರಾಷ್ಟ್ರೀಯ ಆಟಗಾರನ ಪಕ್ಕದಲ್ಲೇ ಅವನ ಚಿಕ್ಕಪ್ಪ, ಕಾಲೇಜಿಗೆ ಹೋಗುವ ತಂಗಿ ನಿಂತಿರುತ್ತಾರೆ. ಹನ್ನೊಂದು ಜನ ಸಿಗದಿದ್ದರೆ ಫೋನ್ ಹಚ್ಚಿ ಹುಡುಕಬೇಕು, "ನಿನ್ನ ಮಗ ಎಲ್ಲಿದ್ದಾನೆ? ಕಳಿಸು" ಅನ್ನಬೇಕು. ನನ್ನ ಪ್ರಕಾರ ಕುಟ್ಟಪ್ಪನವರ ಜಾಣತನ ಇದ್ದದ್ದೇ ಇಲ್ಲಿ. ಭಾಷಣದಿಂದ ಒಗ್ಗಟ್ಟು ಬರುವುದಿಲ್ಲ, ಹನ್ನೊಂದು ಜನ ಬೇಕು ಅಂದಾಗ ಬರುತ್ತದೆ.

ಪರಊರಿನಲ್ಲಿದ್ದ ನಮ್ಮಂಥವರಿಗೆ ಇದರಿಂದ ಆದದ್ದು ಏನು? ಏಪ್ರಿಲ್-ಮೇ ತಿಂಗಳಿಗೆ ಒಂದು ಅರ್ಥ ಬಂತು. ವಾರ್ಷಿಕ ಲೆಕ್ಕ ಮುಗಿಸಿ ರಜೆ ಅರ್ಜಿ ಹಾಕುವಾಗ 'ಕೌಟುಂಬಿಕ ಕಾರಣ' ಅಂತ ಬರೆದರೆ ಅದು ಅಕ್ಷರಶಃ ನಿಜ. ಪುಣೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಮರಾಠಿ ಸರಾಗ, ಕೊಡವ ತಕ್ಕ್ ಅಷ್ಟಕ್ಕಷ್ಟೆ. ಇಲ್ಲಿನ ಕನ್ನಡ ಸಂಘ ತನ್ನ ವಿದ್ಯಾಸಂಸ್ಥೆಗಳಿಗೆ ಕಾವೇರಿ ಅಂತ ಹೆಸರಿಟ್ಟಿದೆ. ಆ ಹೆಸರಿನ ಹೊಳೆ ಹುಟ್ಟುವ ಬೆಟ್ಟ, ಅಜ್ಜನ ಮನೆಯ ದಾರಿ, ದಾಯಾದಿಗಳ ಹೆಸರು ಇವೆಲ್ಲ ಮಕ್ಕಳಿಗೆ ಗೊತ್ತಾಗುವುದು ಮೈದಾನದ ಅಂಚಿನಲ್ಲಿ ಕೂತಾಗ.

ಇನ್ನೊಂದು ಮಾತನ್ನೂ ಹೇಳಲೇಬೇಕು. 2016ರ ರಿಯೊ ಒಲಿಂಪಿಕ್ಸ್ ತಂಡದಲ್ಲಿ ಕೊಡಗಿನ ನಾಲ್ವರಿದ್ದರು: ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ಮುಂದೆ ಟೋಕಿಯೊ ಮತ್ತು ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಪುರುಷರ ತಂಡಗಳಲ್ಲಿ ಒಬ್ಬರೂ ಇರಲಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದೀಚೆಗೆ ದೊಡ್ಡ ಹಾಕಿ ಕೃತಕ ಹಾಸಿನ ಮೇಲೆ ನಡೆಯುತ್ತಿದೆ, ನಮ್ಮ ಕುಟುಂಬ ಹಾಕಿ ಹುಲ್ಲಿನ ಮೇಲೆ. ಹಬ್ಬದಿಂದ ಆಟದ ಮೇಲೆ ಪ್ರೀತಿ ಹುಟ್ಟುತ್ತದೆ. ಒಲಿಂಪಿಕ್ಸ್ ಆಟಗಾರ ತಯಾರಾಗಲು ವರ್ಷವಿಡೀ ಹಾಸು, ತರಬೇತಿ, ಊಟ, ಹಾಸ್ಟೆಲ್ ಬೇಕು. ಆ ಕೆಲಸ ಕುಟುಂಬಗಳದ್ದಲ್ಲ, ಸರ್ಕಾರ ಮತ್ತು ಹಾಕಿ ಸಂಸ್ಥೆಗಳದ್ದು. ಸಾವಿರಾರು ಜನ ಸೇರುತ್ತಾರೆ ಅಂತ ಹೆಮ್ಮೆಪಡುತ್ತಾ ಇದನ್ನು ಮರೆತರೆ ನಮಗೇ ನಷ್ಟ.

2018ರ ಮಳೆ, ಭೂಕುಸಿತ ಕೊಡಗನ್ನು ನಲುಗಿಸಿತು. ಅದರ ಬೆನ್ನಿಗೆ ಕೊರೊನಾ. 2019ರಿಂದ ನಾಲ್ಕು ವರ್ಷ ಕಪ್ ನಡೆಯಲಿಲ್ಲ. ಮೈದಾನಗಳು ಹಾಗೆ ಖಾಲಿಯಿದ್ದಾಗಲೇ, 2020ರಲ್ಲಿ ಕುಟ್ಟಪ್ಪನವರು ತೀರಿಕೊಂಡರು. ಲಾಕ್‌ಡೌನಿನ ದಿನಗಳು, ಪುಣೆಯಿಂದ ಹೊರಡುವ ಮಾತೇ ಇರಲಿಲ್ಲ. ಇನ್ನು ಈ ಹಬ್ಬ ಮುಗಿಯಿತು ಅಂದವರೂ ಇದ್ದರು.

ಮುಗಿಯಲಿಲ್ಲ. 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕಪ್ ನಡೆಯಿತು. 2024ರ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದವು, ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396.

ಗುರು ಇಲ್ಲದಾಗಲೂ ಪಾಠ ನಡೆಯುತ್ತಿದ್ದರೆ ಅವರು ಸರಿಯಾಗಿಯೇ ಕಲಿಸಿದ್ದರು ಅಂತ ಅರ್ಥ. ನಮ್ಮ ಡ್ರಿಲ್ ಮೇಷ್ಟ್ರು ಚೆಂಡು ಬಿಟ್ಟುಕೊಡು ಅನ್ನುತ್ತಿದ್ದರು. ಕುಟ್ಟಪ್ಪನವರು ಮಾಡಿದ್ದೂ ಅದನ್ನೇ: ಮೊದಲ ವರ್ಷ ತಮ್ಮ ಮನೆತನದ ಹೆಸರಲ್ಲಿ ಆಡಿಸಿ, ಮರುವರ್ಷ ಇನ್ನೊಂದು ಮನೆತನಕ್ಕೆ ದಾಟಿಸಿದರು.